ಹೆಂಚಿನ ಬೆನ್ನು ನೋಡಿ: ಕೆಜಿಎಫ್ ಹಳೇ ಮನೆಗಳ ನಕ್ಷೆ ಬರೆದ ಅನುಭವ

ಕೆಜಿಎಫ್‌ನ (ಕೋಲಾರದ ಚಿನ್ನದ ಗಣಿ ಊರು) ಯಾವ ಹಳೇ ಬಂಗಲೆಗೆ ಹೋದರೂ ‘ಇದು 1865ರದ್ದು ಸಾರ್’ ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಸಾಕ್ಷಿ ಕೇಳಿದರೆ ಒಂದು ಹೆಂಚು ಇಳಿಸಿ ತೋರಿಸುತ್ತಾರೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಬೆನ್ನಿಗೆ ಆ ಇಸವಿ ಒತ್ತಿರುವುದು ನಿಜ. ಆದರೆ ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿದ್ದೇ 1880ರಲ್ಲಿ. ಅದಕ್ಕೆ ಮುಂಚೆ ಈ ಬಯಲಲ್ಲಿ ಬಂಗಲೆ ಯಾರಿಗೆ ಬೇಕಿತ್ತು?

ಕೋಲಾರದಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ನನ್ನದು. ರಜೆ ಸಿಕ್ಕಾಗ ಚಾಂಪಿಯನ್ ರೀಫ್, ಉರಿಗಾಂ, ಮಾರಿಕುಪ್ಪಂ ಕಡೆ ಟೇಪು ಹಿಡಿದು ಹೋಗುತ್ತೇನೆ. ಮನೆಯ ವಯಸ್ಸನ್ನು ಜನರ ಬಾಯಿಂದ ಕೇಳುವುದಕ್ಕಿಂತ ಮೊದಲು ಸೂರು ನೋಡುವುದು ನನ್ನ ಅಭ್ಯಾಸ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಾಗಾಗಿ ‘ಕಾಮನ್‌ವೆಲ್ತ್’ ಮುದ್ರೆ ಕಂಡರೆ ಆ ಹೆಂಚು ಯುದ್ಧದ ನಂತರದ್ದು. ಅಂಚಿನ ಹೆಂಚು ನಂಬಬೇಡಿ, ಕೋತಿ ಕಾಟಕ್ಕೆ ಅವು ಎಷ್ಟು ಸಲ ಬದಲಾಗಿರುತ್ತವೋ! ಚಿಮಣಿಯ ಬುಡದಲ್ಲಿ, ಕೈಗೆಟುಕದ ಕಡೆ ಇರುವುದನ್ನು ನೋಡಿ.

ಆಮೇಲೆ ವೈರಿಂಗ್. ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದಿದ್ದು 1902ರಲ್ಲಿ. ಹಳೇ ಗಾರೆಯ ಮೇಲೆ ಮರದ ಪಟ್ಟಿ ಹೊಡೆದು ವೈರು ಎಳೆದಿದ್ದರೆ ಗೋಡೆ ಮೊದಲು, ದೀಪ ಆಮೇಲೆ ಎಂದು ಬರೆದುಕೊಳ್ಳುತ್ತೇನೆ. ಇದೊಂದರಿಂದಲೇ ಇಸವಿ ಹೇಳಲಾಗದು, ಹೆಂಚಿನ ಜೊತೆ ತಾಳೆ ಹಾಕಬೇಕು.

ನಾಲ್ಕಾರು ಬಂಗಲೆಗಳ ಅಳತೆ ಮುಗಿಸಿ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳ ಕಡೆಯಿಂದ ವಾಪಸ್ ಬರುತ್ತಿದ್ದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ತಡೆದರು. “ಬಂಗಲೆ ಎಲ್ಲಾ ಬರ್ಕೊಂಡ್ರಿ, ನಮ್ ಮನೆ ಬರ್ಕೊಳ್ಳಲ್ವಾ? ದೊರೆ ನಾಲ್ಕು ವರ್ಷ ಇದ್ದು ಹಡಗು ಹತ್ತಿಬಿಡ್ತಿದ್ದ. ನಾವು ಇಲ್ಲೇ ಹುಟ್ಟಿದ್ದು.” ಮಾತು ನ್ಯಾಯವಾಗಿತ್ತು. ಗಣಿಯ ಶುರುವಿನಲ್ಲಿ ಕಾರ್ಮಿಕರಿಗೆ ಬಿದಿರು ತಟ್ಟಿಯ ಗುಡಿಸಲುಗಳಿದ್ದವು, ಇಟ್ಟಿಗೆ ಗೋಡೆ ಬಂದಿದ್ದು ನಂತರ. ಅವರ ಒಳಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕಿತ್ತು. “ಏರ್ ಬ್ಲಾಸ್ಟ್ ಆದಾಗ ಬಂದಿದ್ದು. ಗಡಿಗೆ, ಪಾತ್ರೆ ಎಲ್ಲಾ ಉರುಳ್ತಿತ್ತು” ಅಂದರು. ನೆಲದಡಿ ಬಂಡೆ ಸಿಡಿಯುವುದಕ್ಕೆ ಇಲ್ಲಿಯವರ ಮಾತು ಅದು.

ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳುವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ತಾರೀಕು ಗೀಚಿ ಬನ್ನಿ. ಮುಂದಿನ ಸಲ ಅದು ಸೀಳಿದ್ದರೆ ಸುಣ್ಣ ಬಣ್ಣ ಬಿಟ್ಟು ಮೊದಲು ಪಾಯ ನೋಡಿಸಬೇಕು. ಅಜ್ಜಿಯ ಗೋಡೆಯದು ಸೀಳಿರಲಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆದರೂ ಮನೆಯ ಕಾಗದಪತ್ರಕ್ಕೆ ಕಚೇರಿಗೇ ಅಲೆಯಬೇಕಿಲ್ಲ, ಎಷ್ಟೋ ಮನೆಯವರು ಟ್ರಂಕಿನಲ್ಲಿ ಹಳೇ ಪಗಾರದ ಚೀಟಿ, ಕ್ವಾರ್ಟರ್ಸ್ ಕೊಟ್ಟ ಪತ್ರ ಇಟ್ಟಿರುತ್ತಾರೆ. ಅದರಲ್ಲಿ ಲೈನಿನ ಹೆಸರು, ಮನೆ ನಂಬರು ಇದ್ದರೆ ಅದನ್ನೇ ನಕ್ಷೆಯ ತಲೆಬರಹ ಮಾಡುತ್ತೇನೆ. ಮನೆಯವರಿಗೂ ಒಂದು ಪ್ರತಿ ಕೊಡುತ್ತೇನೆ, ಲ್ಯಾಮಿನೇಟ್ ಮಾಡಿಸಿ.