ಹನ್ನೊಂದು ಪುಸ್ತಕ ಕೇಳಿ ಮುಗಿಸ್ದೆ, ತಲೇಲಿ ಉಳಿದಿದ್ದೆಷ್ಟು?

ಕಳೆದ ವರ್ಷ ಪೂರ್ತಿ ಆಡಿಯೋಬುಕ್ಕಲ್ಲೇ ಕಲೀತೀನಿ ಅಂತ ಹಠ ಹಿಡಿದಿದ್ದೆ. ಓದೋಕೆ ಟೈಮಿಲ್ಲ, ಕಿವಿ ಹೇಗಿದ್ರೂ ಖಾಲಿ ಅಲ್ವಾ ಅಂತ. ಸ್ಪೀಡ್ 1.5ಕ್ಕಿಟ್ಟು ಪಾತ್ರೆ ತೊಳೀತಾ, ಬಟ್ಟೆ ಮಡಚ್ತಾ ಹನ್ನೊಂದು ಪುಸ್ತಕ ಮುಗಿಸ್ದೆ, ಜಂಬ ಬೇರೆ. ಒಂದಿನ ಫ್ರೆಂಡ್ ಕೇಳ್ದ, "ಬಡ್ಡಿದರ ಏರಿದ್ರೆ ಬಾಂಡ್ ಬೆಲೆ ಯಾಕೋ ಇಳಿಯುತ್ತೆ? ನೀನು ಆ ಪುಸ್ತಕ ಮುಗಿಸಿದೀಯಲ್ಲ." (ಬಾಂಡ್ ಅಂದ್ರೆ ಸರ್ಕಾರಕ್ಕೋ ಕಂಪನಿಗೋ ಸಾಲ ಕೊಟ್ಟಿದ್ದಕ್ಕೆ ಸಿಗೋ, ಬಡ್ಡಿ ಕೊಡೋ ಪತ್ರ.) ಬಾಯಿ ತೆಗೆದೆ, ಏನೂ ಬರ್ಲಿಲ್ಲ. ಓದಿದವರ ದನಿ ಚೆನ್ನಾಗಿ ನೆನಪಿದೆ, ವಿಷಯ ಮಾತ್ರ ಮಾಯ.

ಆಮೇಲೆ ಅದೇ ಪುಸ್ತಕದ ಪ್ರಿಂಟ್ ತಗೊಂಡು ಒಂದು ಚಾಪ್ಟರ್ ಕೇಳೋದು, ಮುಂದಿನದು ಓದೋದು, ಮಾರನೇ ದಿನ ಖಾಲಿ ಹಾಳೆ ಮೇಲೆ ನೆನಪಿರೋದನ್ನೆಲ್ಲಾ ಬರೆಯೋದು ಅಂತ ಶುರು ಮಾಡ್ದೆ. ಕೇಳಿದ್ದರಲ್ಲಿ ನಾಲ್ಕು ಪಾಯಿಂಟ್ ಬಂತು, ಅದ್ರಲ್ಲಿ ಮೂರು ಬರೀ ಉದಾಹರಣೆಗೆ ಹೇಳಿದ್ದ ಕಥೆಗಳು. ಓದಿದ್ದರಲ್ಲಿ ಒಂಬತ್ತು, ಒಂದಂತೂ ಎಡಗಡೆ ಪುಟದ ಕೆಳಗಿತ್ತು ಅನ್ನೋದೂ ಸಮೇತ.

ಓದುವಾಗ ನಮ್ಮ ಕಣ್ಣು ನಮಗೇ ಗೊತ್ತಾಗದ ಹಾಗೆ ಹಿಂದೆ ಹೋಗಿ ಬರ್ತಾ ಇರುತ್ತೆ, ನೂರು ಸಲ ಕದಲಿದ್ರೆ ಸುಮಾರು 10–15 ಸಲ ಹಿಂದಕ್ಕೇ. ಆಡಿಯೋದಲ್ಲಿ ಹಿಂದೆ ಹೋಗ್ಬೇಕಂದ್ರೆ ಬಟನ್ ಒತ್ತಬೇಕು, ನನ್ನ ಕೈ ತುಂಬಾ ಸೋಪು ನೊರೆ, ಹೋಗ್ಲಿ ಬಿಡು ಅಂತ ಬಿಟ್ಟಿದ್ದೇ ಜಾಸ್ತಿ.

ಹಾಗಂತ ಆಡಿಯೋ ದಂಡ ಅಂತ ಹೇಳ್ತಿಲ್ಲ. 2010ರ ಒಂದು ಸ್ಟಡೀಲಿ ಪಾಠದ ಲೇಖನ ಓದಿದ ಸ್ಟೂಡೆಂಟ್ಸ್ ಕ್ವಿಜ್‌ನಲ್ಲಿ 81% ತೆಗೆದ್ರೆ, ಅದನ್ನೇ ಪಾಡ್‌ಕಾಸ್ಟಲ್ಲಿ ಕೇಳಿದವರು 59%. ಆದ್ರೆ 2016ರ ಇನ್ನೊಂದ್ರಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸಾನೇ ಬರ್ಲಿಲ್ಲ, ಅಲ್ಲಿ ಕೊಟ್ಟಿದ್ದು ಕಥೆ ಥರ ಸಾಗೋ ಜೀವನಚರಿತ್ರೆ. ನನ್ನ ಹಾಳೆಗಳೂ ಅದನ್ನೇ ಹೇಳಿದ್ವು ಅನ್ಸುತ್ತೆ, ಕಥೆ ಕಿವೀಲಿ ನಿಲ್ಲುತ್ತೆ, "ಇದರಿಂದ ಅದು, ಅದರಿಂದ ಇನ್ನೊಂದು" ಅನ್ನೋ ಸರಪಳಿ ನಿಲ್ಲಲ್ಲ.

ಈಗ ಇತಿಹಾಸ, ಆತ್ಮಕಥೆ ಎಲ್ಲಾ ಕಿವಿಗೆ. ಲೆಕ್ಕ, ಗ್ರಾಫ್ ಇರೋದೆಲ್ಲಾ ಕಾಗದಕ್ಕೆ. ತೀರಾ ಕಷ್ಟದ ಚಾಪ್ಟರ್ ಆದ್ರೆ ಮೊದಲು ಒಂದ್ಸಲ ನಾರ್ಮಲ್ ಸ್ಪೀಡಲ್ಲಿ ಕೇಳಿ, ಆಮೇಲೆ ಪೆನ್ಸಿಲ್ ಹಿಡ್ಕೊಂಡು ಕೂರ್ತೀನಿ.

ಆ ಬಾಂಡ್ ಪುಟಾನ ಮೂರು ಸಲ ಓದ್ದೆ. ಹಳೇ ಬಾಂಡ್ ಕೊಡೋ ಬಡ್ಡಿ ಫಿಕ್ಸ್, ಹೊಸದು ಜಾಸ್ತಿ ಕೊಡುವಾಗ ಹಳೇದನ್ನ ಹಳೇ ಬೆಲೆಗೆ ಯಾರು ತಗೋತಾರೆ, ಇಳಿಸಿ ಮಾರ್ಲೇಬೇಕು. ಇಷ್ಟೇ! ಫ್ರೆಂಡ್‌ಗೆ ಫೋನ್ ಮಾಡಿ ಹೇಳ್ದೆ, ಅವನಿಗೆ ತಾನು ಕೇಳಿದ್ದೇ ಮರೆತೋಗಿತ್ತು.