ಮೂರು ವರ್ಷದ ಅವಧಿ, ಶಾಶ್ವತದ ಕರಾರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಾನು ನೆಲೆಸಿರುವ ಸಣ್ಣ ಊರಿನ ಲ್ಯಾಂಡ್ ಟ್ರಸ್ಟಿನ, ಅಂದರೆ ಕಾಡು-ಬಯಲುಗಳನ್ನು ಕಟ್ಟಡಗಳಿಂದ ಉಳಿಸುವ ಸಂಸ್ಥೆಯ, ಆಡಳಿತ ಮಂಡಳಿಯಲ್ಲಿ 12 ವರ್ಷ ಇದ್ದೆ; ಅದರಲ್ಲಿ ಕೊನೆಯ 6 ವರ್ಷ ಅಧ್ಯಕ್ಷನಾಗಿದ್ದೆ. ಸಂಸ್ಥೆಗೆ ಸಂಬಳದ ಸಿಬ್ಬಂದಿಯೂ ಇರಲಿಲ್ಲ, ಕಚೇರಿಯೂ ಇರಲಿಲ್ಲ. ಒಂಬತ್ತು ಮಂದಿ ನಿರ್ದೇಶಕರು, ಊರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ತಿಂಗಳಿಗೊಂದು ಸಭೆ, ಒಂದು ಬ್ಯಾಂಕ್ ಖಾತೆ, ಇಷ್ಟೇ ಹೊರಗಿನವರಿಗೆ ಕಾಣುತ್ತಿದ್ದುದು. ಆದರೆ ಊರಿನ ಸುತ್ತಮುತ್ತ 11 ತುಂಡು ಕಾಡು ಮತ್ತು ಜೌಗು ನೆಲ ನಮ್ಮ ಹೆಸರಿನಲ್ಲಿದ್ದವು, ಇನ್ನೂ 14 ಖಾಸಗಿ ಜಮೀನುಗಳ ಮೇಲೆ ನಮ್ಮ ನಿರ್ಬಂಧವಿತ್ತು. ಈ ನಿರ್ಬಂಧವೆಂದರೆ ಏನು ಎಂಬುದನ್ನು ಹೇಳದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ನಾನು ಶಿರಸಿ ಕಡೆಯವನು. ನಮ್ಮಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟವಿರುತ್ತದೆ. ಬೆಟ್ಟದ ನೆಲ ಸರ್ಕಾರದ್ದು, ಅದರ ಸೊಪ್ಪು ಕಡಿದು ತೋಟಕ್ಕೆ ಹಾಕುವ ಹಕ್ಕು ತೋಟದವನದು. ಒಂದೇ ನೆಲದ ಮೇಲೆ ಇಬ್ಬರ ಹಕ್ಕು ಬೇರೆಬೇರೆಯಾಗಿ ಇರಬಹುದೆಂಬುದು ನಮಗೆ ಚಿಕ್ಕಂದಿನಿಂದ ಗೊತ್ತಿರುವ ಸಂಗತಿ. ಇಲ್ಲಿನ ಕನ್ಸರ್ವೇಶನ್ ರಿಸ್ಟ್ರಿಕ್ಷನ್, ಅಂದರೆ ಬೇರೆ ರಾಜ್ಯಗಳವರು ಕನ್ಸರ್ವೇಶನ್ ಈಸ್‌ಮೆಂಟ್ ಎನ್ನುವ ಪತ್ರ, ಅದರ ತಿರುವುಮುರುವು ರೂಪದಂತೆ ನನಗೆ ಕಂಡಿತು. ನೆಲ ಮಾಲೀಕನದೇ, ಅವನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಅದರ ಮೇಲೆ ಮನೆ ಕಟ್ಟುವ, ಅದನ್ನು ನಿವೇಶನಗಳಾಗಿ ಒಡೆಯುವ ಹಕ್ಕನ್ನು ಮಾತ್ರ ಅವನು ಬಿಟ್ಟುಕೊಡುತ್ತಾನೆ, ಆ ಮಾತು ಮುರಿಯದಂತೆ ನೋಡಿಕೊಳ್ಳುವ ಅಧಿಕಾರ ಟ್ರಸ್ಟಿಗೆ ಬರುತ್ತದೆ. ಪತ್ರಕ್ಕೆ ಊರಿನ ಆಡಳಿತ ನಡೆಸುವ ಚುನಾಯಿತ ಸಮಿತಿಯಾದ ಸೆಲೆಕ್ಟ್ ಬೋರ್ಡಿನ ಒಪ್ಪಿಗೆಯೂ ರಾಜ್ಯದ ಇಂಧನ ಮತ್ತು ಪರಿಸರ ಇಲಾಖೆಯ ಕಾರ್ಯದರ್ಶಿಯ ಸಹಿಯೂ ಬೇಕು. ನೋಂದಣಿಯಾದ ಮೇಲೆ ಅದು ಮುಂದಿನ ಎಲ್ಲ ಮಾಲೀಕರಿಗೂ ಅನ್ವಯಿಸುತ್ತದೆ. ಪತ್ರದಲ್ಲಿ ಬರೆದಿರುವ ಶಬ್ದ ‘ಶಾಶ್ವತವಾಗಿ’ ಎಂದೇ. ಅದಕ್ಕೆ ಸಹಿ ಹಾಕುವ ನಮ್ಮ ಅವಧಿಯಾದರೋ ಮೂರು ವರ್ಷ.

ಈ ರಾಜ್ಯದಲ್ಲಿ ಇಂಥ ಸಂಸ್ಥೆಗಳಿಗೆ ಹಳೆಯ ಬೇರುಗಳಿವೆ. ಉದ್ಯಾನ ವಿನ್ಯಾಸಕಾರ ಚಾರ್ಲ್ಸ್ ಎಲಿಯಟ್ ಮುಂದಾಗಿ 1891ರಲ್ಲಿ ಸ್ಥಾಪಿಸಿದ, ಇಂದು ಟ್ರಸ್ಟೀಸ್ ಆಫ್ ರಿಸರ್ವೇಷನ್ಸ್ ಎಂದು ಹೆಸರಾಗಿರುವ ಸಂಸ್ಥೆ ಈಗಲೂ ನಡೆಯುತ್ತಿದೆ. ಅದು ದೊಡ್ಡದು. ನಮ್ಮಂಥವು ಊರೂರಿನಲ್ಲಿ ಹುಟ್ಟಿಕೊಂಡ, ನೆರೆಹೊರೆಯವರೇ ಸೇರಿ ನಡೆಸುವ ಸಣ್ಣ ಸಂಸ್ಥೆಗಳು.

ನಾನು ಅಧ್ಯಕ್ಷನಾದುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಹಿಂದಿನ ಅಧ್ಯಕ್ಷೆ ಮಗಳ ಊರಿಗೆ ಹೊರಟಿದ್ದರು, ಸಭೆಯಲ್ಲಿ ಎಲ್ಲರೂ ಮೇಜನ್ನು ನೋಡುತ್ತ ಕುಳಿತಿದ್ದರು, ನಾನು ತಲೆ ಎತ್ತಿದೆ. ಮರುವಾರ ಅವರ ಗ್ಯಾರೇಜಿನಿಂದ ಕಡತಗಳಿದ್ದ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ನನ್ನ ಕಾರಿಗೆ ಹಾಕಿಕೊಂಡು ಬಂದೆ. ಒಂದು ಪೆಟ್ಟಿಗೆಯ ತಳ ತೇವಕ್ಕೆ ಮೆತ್ತಗಾಗಿತ್ತು. ನಲವತ್ತು ವರ್ಷಗಳ ಸಂಸ್ಥೆಯ ನೆನಪೆಲ್ಲ ಆ ಪೆಟ್ಟಿಗೆಗಳಲ್ಲಿತ್ತು. ಚಳಿಗಾಲವಿಡೀ ಅಡಿಗೆಮನೆಯ ಮೇಜಿನ ಮೇಲೆ ಅವನ್ನು ಹರಡಿಕೊಂಡು, ಪ್ರತಿ ಜಮೀನಿಗೂ ಒಂದೊಂದು ಫೈಲು ಮಾಡುತ್ತ ಹೋದಾಗ ನನಗೆ ಮೊದಲು ತಿಳಿದದ್ದು ಏನು ಇದೆ ಎಂಬುದಲ್ಲ, ಏನು ಇಲ್ಲ ಎಂಬುದು. 14 ನಿರ್ಬಂಧಗಳಲ್ಲಿ ಐದಕ್ಕೆ ಬೇಸ್‌ಲೈನ್ ವರದಿಯೇ ಇರಲಿಲ್ಲ.

ಬೇಸ್‌ಲೈನ್ ವರದಿಯೆಂದರೆ ನಿರ್ಬಂಧ ಬರೆದ ದಿನ ಆ ಜಮೀನು ಹೇಗಿತ್ತು ಎಂಬುದರ ದಾಖಲೆ: ನಕ್ಷೆ, ಗಡಿಗುರುತು, ಇದ್ದ ಕಟ್ಟಡ, ಹಾದಿ, ತೆರವಾದ ಹುಲ್ಲುಗಾವಲಿನ ಅಂಚು, ಗೊತ್ತುಮಾಡಿದ ಸ್ಥಳಗಳಲ್ಲಿ ನಿಂತು ತೆಗೆದ ಛಾಯಾಚಿತ್ರಗಳು, ಕೊನೆಯಲ್ಲಿ ಮಾಲೀಕರ ಮತ್ತು ಟ್ರಸ್ಟಿನ ಸಹಿ. ಇದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಎರಡನೇ ವರ್ಷದಲ್ಲೇ ಕಂಡೆ. ನಿರ್ಬಂಧ ಕೊಟ್ಟ ಹಿರಿಯರು ತೀರಿಕೊಂಡು, ಜಮೀನು ಎರಡು ಕೈ ದಾಟಿತ್ತು. ಮೂರನೆಯ ಮಾಲೀಕರು ಕೊಳದ ಕಡೆಗೆ ನೋಟ ಸಿಗಲೆಂದು ಒಂದು ಪಟ್ಟಿ ಮರಗಳನ್ನು ಕಡಿಸಿದ್ದರು. ನಾನು ಹೋಗಿ ಮಾತನಾಡಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಕಾಫಿ ಕೊಟ್ಟು, ‘ಇಲ್ಲಿ ಮೊದಲಿನಿಂದಲೂ ಬಯಲೇ ಇತ್ತು, ನಾವು ಪೊದೆ ಸವರಿದ್ದೇವೆ ಅಷ್ಟೇ’ ಎಂದರು. ಬುಡಗಳ ಸುತ್ತಳತೆ ಬೇರೆಯೇ ಮಾತನ್ನು ಹೇಳುತ್ತಿತ್ತು, ಆದರೆ ಕಡಿಯುವ ಮೊದಲಿನ ಒಂದೇ ಒಂದು ಚಿತ್ರ ನಮ್ಮ ಬಳಿ ಇರಲಿಲ್ಲ. ವಕೀಲರ ಎರಡು ಪತ್ರಗಳ ನಂತರ, ಅರ್ಧ ಭಾಗದಲ್ಲಿ ಸ್ಥಳೀಯ ಜಾತಿಯ ಗಿಡ ನೆಡುವುದು, ಉಳಿದರ್ಧವನ್ನು ಇದ್ದಂತೆ ಬಿಡುವುದು ಎಂಬ ರಾಜಿಗೆ ಬಂದೆವು. ಸೋತೆವೆಂದು ಸಭೆಯ ನಡಾವಳಿಯಲ್ಲಿ ಯಾರೂ ಬರೆಯಲಿಲ್ಲ, ಆದರೆ ಸೋತಿದ್ದೆವು.

ಆ ವರ್ಷದಿಂದ ನವೆಂಬರ್ ತಿಂಗಳು ನಮ್ಮ ಗಡಿ ನಡಿಗೆಯ ತಿಂಗಳಾಯಿತು. ಎಲೆ ಉದುರಿದ ಮೇಲೆ ಕಾಡಿನೊಳಗಿನ ಹಳೆಯ ಕಲ್ಲುಗೋಡೆಗಳು ಕಾಣುತ್ತವೆ. ಬೇಟೆಯ ಕಾಲವಾದ್ದರಿಂದ ಕಿತ್ತಳೆ ಬಣ್ಣದ ಅಂಗಿ ಮಾತ್ರ ಮರೆಯುವಂತಿಲ್ಲ. ನಿರ್ದೇಶಕರು ಒಬ್ಬೊಬ್ಬ ಸ್ವಯಂಸೇವಕರನ್ನು ಜೊತೆಮಾಡಿಕೊಂಡು ಜಮೀನುಗಳನ್ನು ಹಂಚಿಕೊಂಡರು. ಮಾಲೀಕರಿಗೆ ಮುಂಚೆ ಪತ್ರ ಬರೆಯುವುದು, ಸಾಧ್ಯವಾದರೆ ಅವರೊಡನೆಯೇ ನಡೆಯುವುದು, ಅದೇ ಸ್ಥಳಗಳಲ್ಲಿ ನಿಂತು ಚಿತ್ರ ತೆಗೆಯುವುದು, ತಿಂಗಳೊಳಗೆ ವರದಿ ಬರೆದು ಅದರ ಪ್ರತಿಯನ್ನು ಅವರಿಗೂ ಕಳುಹಿಸುವುದು. ಹೊಸ ಮಾಲೀಕರು ಬಂದರೆಂದು ತಿಳಿದ ಕೂಡಲೇ ನಾನು ಒಂದು ಡಬ್ಬಿ ಕುಕೀಸ್ ಹಿಡಿದುಕೊಂಡು ಹೋಗಿ, ಅವರ ಕ್ರಯಪತ್ರದ ಹಿಂದೆ ಇಂಥ ನಿರ್ಬಂಧವೊಂದಿದೆ ಎಂದು ತಿಳಿಸುತ್ತಿದ್ದೆ. ಕೆಲವರಿಗೆ ಅದನ್ನು ಅದುವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ವ್ಯಾಜ್ಯಗಳಲ್ಲಿ ಬಹುಪಾಲು ಮುಂದಿನ ಮಾಲೀಕರಿಂದಲೇ ಬರುತ್ತವೆ, ಕೊಟ್ಟವರಿಂದ ಅಲ್ಲ ಎಂಬುದು ಈ ಕ್ಷೇತ್ರದವರೆಲ್ಲರ ಅನುಭವ. ಅಂಥ ದಿನಕ್ಕೆಂದು ಲ್ಯಾಂಡ್ ಟ್ರಸ್ಟುಗಳೇ ಸೇರಿ 2013ರಲ್ಲಿ ಟೆರಾಫರ್ಮಾ ಎಂಬ ವಿಮಾ ಸಂಸ್ಥೆಯನ್ನು ಆರಂಭಿಸಿದ್ದವು. ನಾವೂ ಅದಕ್ಕೆ ಸೇರಿದೆವು.

ಅಧ್ಯಕ್ಷನ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ‘ಬೇಡ’ ಎನ್ನುವುದು. ದಾನ ಕೊಡಲು ಬಂದವರನ್ನು ಹಿಂದಕ್ಕೆ ಕಳುಹಿಸುವುದು ನಮ್ಮ ಮನೆಗಳಲ್ಲಿ ಕಲಿಸಿದ ನಡತೆಗೆ ವಿರುದ್ಧ. ಒಬ್ಬ ಸಭ್ಯ ಗೃಹಸ್ಥರು ಬಡಾವಣೆಯ ಹಿಂದೆ ಉಳಿದಿದ್ದ ಆರು ಎಕರೆ ಜೌಗನ್ನು ಉಚಿತವಾಗಿ ಕೊಡಲು ಬಂದರು. ಮಂಡಳಿಯಲ್ಲಿ ಇಬ್ಬರು ಅವರ ಹಳೆಯ ಸ್ನೇಹಿತರು. ನೆಲ ನೋಡಲು ಹೋದಾಗ ಒಂದು ತಗ್ಗಿನಲ್ಲಿ ಹಳೆಯ ಟೈರುಗಳು ಮತ್ತು ತುಕ್ಕು ಹಿಡಿದ ಡ್ರಮ್ಮುಗಳು ಕಂಡವು. ಮಲಿನವಾದ ನೆಲವನ್ನು ಒಮ್ಮೆ ಹೆಸರಿಗೆ ಮಾಡಿಕೊಂಡರೆ ಶುದ್ಧಗೊಳಿಸುವ ಹೊಣೆ ಮಾಲೀಕನ ತಲೆಗೆ ಬರುತ್ತದೆ. ಆದ್ದರಿಂದ ಪರಿಸರ ತಪಾಸಣೆಯ ಮೊದಲ ಹಂತವನ್ನಾದರೂ ಮುಗಿಸದೆ ಯಾವ ನೆಲವನ್ನೂ ಪಡೆಯಬಾರದೆಂದು ನಾನು ಪಟ್ಟು ಹಿಡಿದೆ. ತಪಾಸಣೆಯ ಖರ್ಚು ಭರಿಸಲು ಅವರಿಗೆ ಮನಸ್ಸಿರಲಿಲ್ಲ, ನಮ್ಮಲ್ಲಿ ಹಣವಿರಲಿಲ್ಲ. ಆರಕ್ಕೆ ಮೂರು ಮತಗಳಿಂದ ನಿರಾಕರಿಸಿದೆವು. ಆ ಇಬ್ಬರಲ್ಲಿ ಒಬ್ಬರು ಮುಂದಿನ ವಾರ್ಷಿಕ ಸಭೆಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಎರಡನೆಯ ‘ಬೇಡ’ ಹಣದ ಲೆಕ್ಕಕ್ಕೆ ಸೇರಿದ್ದು, ಅದಕ್ಕೆ ಸೂತ್ರವಿದೆ. ಒಂದು ಜಮೀನಿನ ವಾರ್ಷಿಕ ನಡಿಗೆ, ವರದಿ, ವಿಮೆ, ಪತ್ರವ್ಯವಹಾರಕ್ಕೆ ವರ್ಷಕ್ಕೆ 400 ಡಾಲರ್ ತಗಲುತ್ತದೆ ಎನ್ನೋಣ. ಇಟ್ಟ ಹಣದಿಂದ ವರ್ಷಕ್ಕೆ ಶೇಕಡಾ 4ರಷ್ಟನ್ನು ಮಾತ್ರ ತೆಗೆಯಬಹುದಾದರೆ, ನಿರ್ಬಂಧಕ್ಕೆ ಸಹಿ ಹಾಕುವ ದಿನವೇ 10,000 ಡಾಲರ್ ಉಸ್ತುವಾರಿ ನಿಧಿಯಲ್ಲಿರಬೇಕು. ನಮ್ಮ ಹಿಂದಿನವರು ಈ ಹಣ ಕೇಳಲು ಸಂಕೋಚಪಟ್ಟಿದ್ದರು. ಹಾಗಾಗಿ ಹಳೆಯ ನಿರ್ಬಂಧಗಳ ಭಾರವನ್ನು ವರ್ಷವರ್ಷದ ಸದಸ್ಯತ್ವ ಶುಲ್ಕವೇ ಹೊರುತ್ತಿತ್ತು. ಹೊಸ ನಿಯಮವನ್ನು ಬರೆದು ಅಂಗೀಕರಿಸಿದೆವು: ನಿಧಿಯಿಲ್ಲದೆ ನಿರ್ಬಂಧವಿಲ್ಲ. ಮಾಲೀಕರ ಕೈಯಲ್ಲಿ ನಗದು ಇಲ್ಲದಿದ್ದರೆ ಎರಡು ಮೂರು ಕಂತುಗಳಿಗೆ, ಇಲ್ಲವೇ ನೆರೆಯವರಿಂದ ಚಂದಾ ಎತ್ತುವುದಕ್ಕೆ ಒಪ್ಪುತ್ತಿದ್ದೆವು. ಆದರೆ ಆಮೇಲೆ ನೋಡೋಣ ಎನ್ನುವ ಮಾತಿಗೆ ಒಪ್ಪುತ್ತಿರಲಿಲ್ಲ.

ತೆರಿಗೆಯ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಕಲಿತೆ. ನಿರ್ಬಂಧವನ್ನು ದಾನವಾಗಿ ಕೊಟ್ಟವರಿಗೆ ಕೇಂದ್ರ ಆದಾಯ ತೆರಿಗೆಯಲ್ಲಿ ವಿನಾಯಿತಿಯುಂಟು. ಮ್ಯಾಸಚೂಸೆಟ್ಸ್ ರಾಜ್ಯದ್ದು ಬೇರೆ, ದಾನದ ಮೌಲ್ಯದ ಅರ್ಧದಷ್ಟು, ಗರಿಷ್ಠ 75,000 ಡಾಲರ್‌ವರೆಗೆ. ಆದ್ದರಿಂದ ‘ಬೆಲೆ ಎಷ್ಟು ಬರಬಹುದು’ ಎಂದು ಎಲ್ಲರೂ ಕೇಳುತ್ತಾರೆ. ಮೌಲ್ಯಮಾಪಕನನ್ನು ಗೊತ್ತುಮಾಡುವುದು ದಾನಿಯ ಕೆಲಸ. ಇಂಥ ದಾನವನ್ನು ಕೇಂದ್ರ ತೆರಿಗೆ ಇಲಾಖೆಗೆ ತಿಳಿಸುವ ಫಾರ್ಮ್ 8283ರ ಮೇಲೆ ಟ್ರಸ್ಟು ಹಾಕುವ ಸಹಿ ದಾನ ಬಂದಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಬೆಲೆಗೆ ಒಪ್ಪಿಗೆಯಲ್ಲ. ಹಾಗೆಂದು ಬೆಲೆಯ ಅಂಕಣ ಖಾಲಿಯಿರುವ ಫಾರ್ಮಿಗೆ ಸಹಿ ಹಾಕಬಾರದು, ಕಣ್ಣಿಗೆ ಹೊಡೆಯುವಷ್ಟು ಉಬ್ಬಿಸಿದ ಅಂಕಿ ಕಂಡರೆ ಸುಮ್ಮನಿರಲೂಬಾರದು.

ನೆಲದ ವ್ಯವಹಾರ ಯಾವಾಗಲೂ ಮಂಡಳಿಯ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ನನ್ನ ನಾಲ್ಕನೆಯ ವರ್ಷದ ಆಗಸ್ಟ್‌ನಲ್ಲಿ, ಊರಿನ ಕೊನೆಯ ದೊಡ್ಡ ಹುಲ್ಲುಗಾವಲನ್ನು ಮನೆ ಕಟ್ಟುವವರಿಗೆ ಮಾರುವ ನೋಟೀಸು ಬಂತು. ಆ ಜಮೀನು ರಾಜ್ಯ ಕಾನೂನಿನ 61ಎ ಅಧ್ಯಾಯದಡಿ, ಅಂದರೆ ಕೃಷಿಭೂಮಿಯೆಂಬ ಕಡಿಮೆ ತೆರಿಗೆಯಲ್ಲಿ ಇತ್ತು. ಅಂಥ ನೆಲವನ್ನು ಬೇರೆ ಬಳಕೆಗೆ ಮಾರುವಾಗ ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಊರಿಗೆ ಇರುತ್ತದೆ. ಅವಧಿ 120 ದಿನ. ಬೇಕಾದರೆ ಊರು ಆ ಹಕ್ಕನ್ನು ನಮ್ಮಂಥ ಸಂಸ್ಥೆಗೆ ವಹಿಸಬಹುದು. ನಮ್ಮ ಮಂಡಳಿ ಸಾಮಾನ್ಯವಾಗಿ ಆಗಸ್ಟಿನಲ್ಲಿ ಸೇರುವುದೇ ಇಲ್ಲ. ಅರ್ಧ ಜನ ಸಮುದ್ರದ ದಡದಲ್ಲಿದ್ದರು. ಕೋರಂ ಸೇರಿಸಲು ಎರಡು ದಿನ ಫೋನು ಮಾಡಿದೆ. ಒಬ್ಬ ನಿರ್ದೇಶಕರ ಮನೆ ಆ ಹುಲ್ಲುಗಾವಲಿಗೆ ತಾಗಿಕೊಂಡಿತ್ತು, ನೆಲ ಉಳಿದರೆ ಅವರ ಮನೆಯ ಬೆಲೆ ಏರುವುದು ಖಂಡಿತ. ಚರ್ಚೆಗೆ ಮೊದಲೇ ಅವರು ಹೊರಗೆ ಹೋಗಬೇಕೆಂದೆ. ‘ಮತ ಹಾಕದೆ ಸುಮ್ಮನೆ ಕುಳಿತಿರುತ್ತೇನೆ’ ಎಂದರು. ಆಗುವುದಿಲ್ಲ ಎಂದೆ. ಅವರು ಎಂಬತ್ತು ದಾಟಿದವರು. ಇಲ್ಲಿ ಅಂಥವರನ್ನೂ ಹೆಸರು ಹಿಡಿದು ಕರೆಯುವುದೇ ವಾಡಿಕೆಯಾಗಿದ್ದು, ಇಷ್ಟು ವರ್ಷಗಳಾದರೂ ನನ್ನ ನಾಲಿಗೆ ಅದಕ್ಕೆ ಪೂರ್ತಿ ಒಗ್ಗಿಲ್ಲ. ಹೆಸರು ಹಿಡಿದು ಕರೆದು, ಹೊರಗೆ ಹೋಗಿ ಎಂದು ಹೇಳುವಾಗ ಬೆವತಿದ್ದೆ. ಅವರು ಹೊರಗೆ ಹೋದ ಹೊತ್ತು, ಹಿಂದಿರುಗಿದ ಹೊತ್ತು ಎರಡೂ ನಡಾವಳಿಯಲ್ಲಿ ದಾಖಲಾದವು. ಮುಂದೆ ಮಾರಾಟಗಾರರ ಕಡೆಯ ವಕೀಲರು ನಮ್ಮ ನಿರ್ಣಯ ಹೇಗಾಯಿತೆಂದು ಕೇಳಿದಾಗ ತೋರಿಸಲು ಇದ್ದದ್ದು ಆ ಒಂದು ಹಾಳೆ.

ಅಷ್ಟು ಹಣ ನಮ್ಮಿಂದ ಆಗುವಂಥದ್ದಲ್ಲ. ಊರಿನ ಸಮುದಾಯ ಸಂರಕ್ಷಣಾ ನಿಧಿ, ಅಂದರೆ ರಾಜ್ಯದ 2000ನೇ ಇಸವಿಯ ಕಾಯಿದೆಯಡಿ ಆಸ್ತಿ ತೆರಿಗೆಯ ಮೇಲಿನ ಮೇಲುತೆರಿಗೆಯಿಂದ ಕೂಡುವ ಹಣ, ಬಳಸಬಹುದಿತ್ತು. ಆದರೆ ಅದಕ್ಕೆ ಟೌನ್ ಮೀಟಿಂಗ್ ಎಂಬ ಊರ ಮಹಾಸಭೆಯ ಮತ ಬೇಕು, ವಾರ್ಷಿಕ ಸಭೆ ವಸಂತದಲ್ಲಿ. ವಿಶೇಷ ಸಭೆಯನ್ನು ಶರತ್ಕಾಲದಲ್ಲಿ ಕರೆಯುವಂತೆ ಸೆಲೆಕ್ಟ್ ಬೋರ್ಡನ್ನು ಒಪ್ಪಿಸುವುದರಲ್ಲೇ ಆರು ವಾರ ಕಳೆದವು. ನಾನು ಮಾಡಿದ ಕೆಲಸವೆಂದರೆ ಮನೆಮನೆಗೆ ಹೋಗಿ, ಈ ಕೊಳ್ಳುವಿಕೆಯಿಂದ ಶಾಲೆಯ ಬಜೆಟ್ಟಿಗೆ ಕತ್ತರಿ ಬೀಳುವುದಿಲ್ಲ ಎಂಬ ಒಂದೇ ವಿಷಯವನ್ನು ವಿವರಿಸಿದ್ದು. ಹುಲ್ಲುಗಾವಲಿನ ಹಕ್ಕಿಗಳ ಬಗ್ಗೆ ನಾನು ಸಿದ್ಧಪಡಿಸಿಕೊಂಡಿದ್ದ ಚಿತ್ರಗಳನ್ನು ಯಾರೂ ಕೇಳಲಿಲ್ಲ. ಮೂರನೇ ಎರಡರಷ್ಟಕ್ಕಿಂತ ಹೆಚ್ಚು ಮತ ಬಂತು, ಊರು ನೆಲವನ್ನು ಕೊಂಡಿತು. ಆ ನಿಧಿಯಿಂದ ಕೊಂಡ ನೆಲಕ್ಕೆ ಶಾಶ್ವತ ನಿರ್ಬಂಧ ಕಡ್ಡಾಯವಾದ್ದರಿಂದ ಅದರ ಹೊಣೆ ನಮಗೆ ಬಂತು. ಈ ಸಲ ಬೇಸ್‌ಲೈನ್ ವರದಿ ಸಹಿಗಿಂತ ಮೊದಲೇ ಸಿದ್ಧವಿತ್ತು.

ಉಳಿದದ್ದೆಲ್ಲ ದಿನನಿತ್ಯದ ಕೆಲಸ. ನಮ್ಮ ಹೆಸರಿನ ನೆಲಕ್ಕೆ ಆಸ್ತಿ ತೆರಿಗೆಯ ವಿನಾಯಿತಿ ಉಳಿಯಬೇಕಾದರೆ ಪ್ರತಿ ವರ್ಷ ಮಾರ್ಚ್ 1ರೊಳಗೆ 3ಎಬಿಸಿ ಫಾರ್ಮನ್ನು ಊರಿನ ಕಚೇರಿಗೆ ಕೊಡಬೇಕು. ಒಂದು ವರ್ಷ ಫೆಬ್ರವರಿ ಕೊನೆಯ ದಿನ ಹಿಮಪಾತದಲ್ಲಿ ಹೋಗಿ ಕೊಟ್ಟು ಬಂದಿದ್ದೇನೆ. ಕಾಲುದಾರಿಗಳ ಪಕ್ಕದ ಆಶ್ ಮರಗಳು ಕೊರೆಹುಳದಿಂದ ಒಣಗಿ ನಿಂತಾಗ, ಅವು ನಡೆಯುವವರ ಮೇಲೆ ಬೀಳುವ ಮೊದಲು ಕಡಿಸಲು ಆ ವರ್ಷದ ಉಳಿತಾಯವೆಲ್ಲ ಹೋಯಿತು. ಮರ ಉಳಿಸುವ ಸಂಸ್ಥೆ ಮರ ಕಡಿಸುತ್ತಿದೆಯೆಂದು ಎರಡು ಕೋಪದ ಪತ್ರಗಳೂ ಬಂದವು.

ಬಿಟ್ಟುಕೊಡುವುದಕ್ಕೆ ನಾನು ಎರಡು ವರ್ಷ ಮೊದಲೇ ತಯಾರಿ ನಡೆಸಿದೆ. ನನಗೆ ನಾಲ್ಕು ಪೆಟ್ಟಿಗೆ ಸಿಕ್ಕ ರೀತಿ ಇನ್ನೊಬ್ಬರಿಗೆ ಬೇಡವೆನಿಸಿತ್ತು. ಬೈಲಾ ತಿದ್ದಿ, ನಿರ್ದೇಶಕರು ಮೂರು ವರ್ಷದ ಮೂರು ಅವಧಿಗಳ ನಂತರ ಕನಿಷ್ಠ ಒಂದು ವರ್ಷ ಹೊರಗಿರಬೇಕೆಂದು ಮಾಡಿದೆವು. ಆಗ ಹಾಲಿ ಇದ್ದವರಿಗೆ ತಮ್ಮ ಅವಧಿ ಮುಗಿಸಲು ಅವಕಾಶವಿತ್ತು, ಅದರ ಲಾಭ ನನಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಉಪಾಧ್ಯಕ್ಷೆಯಾಗಿ ಬಂದವರು ಮೂವತ್ತೈದರ ಆಸುಪಾಸಿನ ಭೂಮಾಪಕಿ, ಎರಡು ಮಕ್ಕಳ ತಾಯಿ. ಏಳು ಗಂಟೆಯ ಸಭೆಗೆ ತಮಗೆ ಬರಲಾಗುವುದಿಲ್ಲ, ಎಂಟೂವರೆಗೆ ವೀಡಿಯೊ ಕರೆಯಲ್ಲಾದರೆ ಸೈ ಎಂದರು. ಹಿರಿಯರು ಗೊಣಗಿದರು, ಸಭೆ ಎಂಟೂವರೆಗೆ ಹೋಯಿತು. ಕೊನೆಯ ಒಂದು ವರ್ಷ ಪ್ರತಿ ಮಾಲೀಕರ ಮನೆಗೂ ನಾವಿಬ್ಬರೂ ಜೊತೆಯಾಗಿ ಹೋದೆವು, ಎಲ್ಲ ಕಡತಗಳ ಪ್ರತಿ ಎರಡು ಬೇರೆ ಸ್ಥಳಗಳಲ್ಲಿ ಸೇರಿತು.

ಈಗ ನಾನು ಮಂಡಳಿಯಲ್ಲಿಲ್ಲ, ನವೆಂಬರ್ ನಡಿಗೆಯ ಸ್ವಯಂಸೇವಕ ಮಾತ್ರ. ಕೊಳದ ಪಕ್ಕದ ಆ ಹಳೆಯ ಜಮೀನು ನನ್ನ ಪಾಲಿಗಿದೆ. ನೆಟ್ಟ ಗಿಡಗಳಲ್ಲಿ ಓಕ್ ಸೊಂಟದೆತ್ತರ ಬಂದಿವೆ, ಕೆಲವನ್ನು ಜಿಂಕೆಗಳು ಮೇಯ್ದಿವೆ. ಕಳೆದ ವಾರ ವರದಿ ಕಳುಹಿಸಿದ್ದೆ. ಹೊಸ ಅಧ್ಯಕ್ಷೆಯ ಉತ್ತರ ನಿನ್ನೆ ಬಂತು: ಏಳನೆಯ ಸ್ಥಳದ ಚಿತ್ರವನ್ನು ಹಿಂದಿನ ವರದಿಗಳಲ್ಲಿರುವಂತೆ ಈಶಾನ್ಯಕ್ಕೆ ಮುಖಮಾಡಿ ತೆಗೆದಿಲ್ಲ, ದಯವಿಟ್ಟು ಇನ್ನೊಮ್ಮೆ ಹೋಗಿ ಬನ್ನಿ. ಶನಿವಾರ ಹೋಗುತ್ತೇನೆ.