'ಮೊದಲ ಮಹಿಳೆ' ಅಂತ ಬರೆದು ಸುಮ್ಮನಾಗಬೇಡಿ: ಜಾನೆಟ್ ಯೆಲೆನ್ ಬಗ್ಗೆ ಲೇಖನ ಬರೆಯುವುದು ಹೇಗೆ

ಜಾನೆಟ್ ಯೆಲೆನ್ ಬಗ್ಗೆ ಬರೆಯಲು ಕೂತರೆ ಮೊದಲ ಸಾಲು ತಾನಾಗಿಯೇ ಬಂದುಬಿಡುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್‌ನ (ಚಿಕ್ಕದಾಗಿ ಫೆಡ್) ಮೊದಲ ಮಹಿಳಾ ಮುಖ್ಯಸ್ಥೆ, ಅಲ್ಲಿನ ಟ್ರೆಶರಿ, ಅಂದರೆ ಹಣಕಾಸು ಇಲಾಖೆ ನಡೆಸಿದ ಮೊದಲ ಮಹಿಳಾ ಟ್ರೆಶರಿ ಸೆಕ್ರೆಟರಿ. ಎರಡೂ ನಿಜವೇ. ಆದರೆ ಆ ಕುರ್ಚಿಯಲ್ಲಿ ಕೂತು ಆಕೆ ಮಾಡಿದ್ದೇನು ಅನ್ನುವುದು ಆ ಸಾಲಿನಲ್ಲಿ ಇಲ್ಲವೇ ಇಲ್ಲ. ನನ್ನ ಮೊದಲ ಕರಡೂ ಹಾಗೇ ಇತ್ತು, ಓದಿ ನೋಡಿದರೆ ಥೇಟ್ ಸನ್ಮಾನ ಪತ್ರ.

ಹಾಗಾಗಿ ಮೊದಲು ಒಂದು ಹಾಳೆ ತಗೊಂಡು ಹುದ್ದೆಗಳನ್ನು ಇಸವಿ ಸಮೇತ ಬರೆದುಕೊಳ್ಳಿ. 1971ರಲ್ಲಿ ಯೇಲ್‌ನಲ್ಲಿ ಪಿಎಚ್‌ಡಿ, ಆಮೇಲೆ ಹಾರ್ವರ್ಡ್‌ನಲ್ಲಿ ಪಾಠ, 1977ರಲ್ಲಿ ಫೆಡ್‌ನಲ್ಲಿ ಅರ್ಥಶಾಸ್ತ್ರಜ್ಞೆಯ ಕೆಲಸ, 1980ರಿಂದ ಬರ್ಕ್ಲಿ ವಿಶ್ವವಿದ್ಯಾಲಯ. 1994ರಲ್ಲಿ ಫೆಡ್ ಆಡಳಿತ ಮಂಡಳಿ, 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆರ್ಥಿಕ ಸಲಹಾ ಮಂಡಳಿಗೆ ಮುಖ್ಯಸ್ಥೆ, 2004ರಲ್ಲಿ ಫೆಡ್‌ನ ಸ್ಯಾನ್ ಫ್ರಾನ್ಸಿಸ್ಕೊ ಪ್ರಾದೇಶಿಕ ಬ್ಯಾಂಕಿಗೆ ಮುಖ್ಯಸ್ಥೆ, 2014ರಿಂದ 2018ರವರೆಗೆ ಇಡೀ ಫೆಡ್‌ಗೆ, 2021ರಿಂದ 2025ರವರೆಗೆ ಟ್ರೆಶರಿ. ಹೀಗೆ ಬರೆದಾಗಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಸಲಹಾ ಮಂಡಳಿ, ಫೆಡ್, ಟ್ರೆಶರಿ, ಈ ಮೂರನ್ನೂ ನಡೆಸಿದವರು ಆಕೆಗಿಂತ ಮುಂಚೆ ಗಂಡಸರಲ್ಲೂ ಯಾರೂ ಇರಲಿಲ್ಲ. 'ಮೊದಲ ಮಹಿಳೆ' ಅನ್ನುವುದಕ್ಕಿಂತ ಇದು ಗಟ್ಟಿ ಮಾತು, ಅಲ್ವಾ?

ಇಲ್ಲಿ ಎರಡು ಕಡೆ ಎಡವದಂತೆ ನೋಡಿಕೊಳ್ಳಿ. ಟ್ರೆಶರಿ ಸೆಕ್ರೆಟರಿ ಅಂದರೆ ನಮ್ಮ ಕಡೆಯ ಇಲಾಖೆ ಕಾರ್ಯದರ್ಶಿ ಅಲ್ಲ, ಹಣಕಾಸು ಸಚಿವರ ಸಮಕ್ಕೆ ಬರುವ ಹುದ್ದೆ. ಸುಮ್ನೆ 'ಕಾರ್ಯದರ್ಶಿ' ಅಂತ ಬರೆದರೆ ಓದುವವರು ಯಾರೋ ಐಎಎಸ್ ಅಧಿಕಾರಿ ಅಂದುಕೊಳ್ಳುತ್ತಾರೆ. ಇನ್ನೊಂದು, 'ಯೆಲೆನ್ ಬಡ್ಡಿ ಏರಿಸಿದರು' ಅನ್ನಬೇಡಿ. ಬಡ್ಡಿ ದರ ತೀರ್ಮಾನ ಮಾಡುವುದು ಫೆಡ್‌ನ ಒಂದು ಸಮಿತಿ, ಮತ ಹಾಕಿ. 2015ರ ಡಿಸೆಂಬರ್‌ನಲ್ಲಿ, 2006ರ ನಂತರ ಮೊದಲ ಸಲ ದರ ಏರಿದಾಗ ಆಕೆ ಆ ಸಮಿತಿಯ ಅಧ್ಯಕ್ಷೆ.

ಈಗ ನಿಜವಾದ ಕೆಲಸ. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಆ ಸಮಿತಿಯ ಸಭೆಯಲ್ಲಿ ಯಾರು ಏನು ಮಾತಾಡಿದರು ಅನ್ನುವ ಪೂರ್ತಿ ದಾಖಲೆಯನ್ನು ಸುಮಾರು 5 ವರ್ಷ ಬಿಟ್ಟು ಫೆಡ್ ಹೊರಗೆ ಬಿಡುತ್ತದೆ, ಯಾರು ಬೇಕಾದರೂ ಓದಬಹುದು. 1996ರ ಜುಲೈ ಸಭೆಯದ್ದನ್ನು ತೆಗೆದು ನೋಡಿ. ಆಗ ಅಲನ್ ಗ್ರೀನ್‌ಸ್ಪಾನ್ ಮುಖ್ಯಸ್ಥರು. ಬೆಲೆ ಸ್ಥಿರವಾಗಿರಬೇಕು ಅಂತ ಎಲ್ಲರೂ ಒಪ್ಪುತ್ತಿದ್ದಾರೆ, ಆದರೆ ಸ್ಥಿರ ಅಂದರೆ ವರ್ಷಕ್ಕೆ ಎಷ್ಟು ಹಣದುಬ್ಬರ? ಗ್ರೀನ್‌ಸ್ಪಾನ್ ಒಂದು ದೊಡ್ಡ ವ್ಯಾಖ್ಯೆ ಕೊಡುತ್ತಾರೆ. ಅದಕ್ಕೊಂದು ಅಂಕಿ ಹೇಳಿ ಅನ್ನುತ್ತಾರೆ ಯೆಲೆನ್. ಸರಿಯಾಗಿ ಅಳೆದರೆ ಸೊನ್ನೆ ಅನ್ನುತ್ತಾರೆ ಅವರು. ಅಳತೆಯೇ ಸರಿ ಇಲ್ಲವಲ್ಲ, ಹಾಗಿದ್ದ ಮೇಲೆ ಶೇಕಡಾ 2ರ ಕಡೆ ಹೋಗೋಣ ಅನ್ನುತ್ತಾರೆ ಈಕೆ. ಕಾರಣವೂ ಸರಳ. ಯಾರ ಸಂಬಳವನ್ನೂ ಕಡಿಮೆ ಮಾಡಲು ಕಂಪನಿಗಳು ಹಿಂಜರಿಯುತ್ತವೆ. ಸ್ವಲ್ಪ ಹಣದುಬ್ಬರ ಇದ್ದರೆ ಸಂಬಳ ಹಾಗೇ ಇಟ್ಟರೂ ಅದರ ಬೆಲೆ ತಾನಾಗಿ ಇಳಿಯುತ್ತದೆ, ಆದರೆ ಹಣದುಬ್ಬರ ಪೂರ್ತಿ ಸೊನ್ನೆಯಾದರೆ ಕಷ್ಟಕಾಲದಲ್ಲಿ ಸಂಬಳದ ಬದಲು ಕೆಲಸವನ್ನೇ ಕಿತ್ತುಹಾಕುತ್ತವೆ. 2012ರಲ್ಲಿ ಫೆಡ್ ಬಹಿರಂಗವಾಗಿ ಗುರಿ ಅಂತ ಘೋಷಿಸಿದ್ದು ಅದೇ ಶೇಕಡಾ 2. ಆಗ ಆಕೆ ಉಪಾಧ್ಯಕ್ಷೆ. ಇಂಥ ಒಂದು ಸನ್ನಿವೇಶ ಸಿಕ್ಕರೆ ಹತ್ತು ಬಿರುದು ಬಿಟ್ಟರೂ ನಡೆಯುತ್ತದೆ.

ಮನೆ ವಿಷಯ ಬೇಕಾ ಅಂತ ಕೇಳಿದರೆ, ಕೆಲಸಕ್ಕೆ ತಗುಲಿಕೊಂಡಿದ್ದರೆ ಬೇಕು. ಗಂಡ ಜಾರ್ಜ್ ಅಕರ್ಲಾಫ್ 2001ರ ನೊಬೆಲ್ ವಿಜೇತ, ಇಬ್ಬರ ಪರಿಚಯ ಆಗಿದ್ದು ಫೆಡ್‌ನ ಕ್ಯಾಂಟೀನಿನಲ್ಲಿ. 'ನೊಬೆಲ್ ವಿಜೇತರ ಪತ್ನಿ' ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಬದಲಿಗೆ, ಮಗ ಹುಟ್ಟಿದಾಗ ಮಗು ನೋಡಿಕೊಳ್ಳುವವರಿಗೆ ಇಬ್ಬರೂ ಊರಿನ ದರಕ್ಕಿಂತ ಜಾಸ್ತಿ ಸಂಬಳ ಕೊಟ್ಟಿದ್ದನ್ನು ಬರೆಯಿರಿ. ಖುಷಿಯಾಗಿರುವವರು ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನುವ ಲೆಕ್ಕ. ನ್ಯಾಯವಾದ ಸಂಬಳಕ್ಕೂ ದುಡಿಮೆಗೂ ಇರುವ ನಂಟಿನ ಬಗ್ಗೆ ಇಬ್ಬರೂ ಸೇರಿ ಮುಂದೆ ಸಂಶೋಧನಾ ಲೇಖನಗಳನ್ನೇ ಬರೆದರು.

ತಪ್ಪುಗಳನ್ನು ಮುಚ್ಚಿಡಬೇಡಿ. 2007ರ ಫೆಡ್ ಸಭೆಗಳಲ್ಲಿ ಮನೆ ಮಾರುಕಟ್ಟೆಯ ಬಗ್ಗೆ ಎಚ್ಚರಿಸಿದವರಲ್ಲಿ ಆಕೆ ಒಬ್ಬರು, ಆದರೆ 2008ರ ಅಷ್ಟು ದೊಡ್ಡ ಆರ್ಥಿಕ ಕುಸಿತ ತನಗೂ ಕಂಡಿರಲಿಲ್ಲ ಅಂತ ಅದರ ವಿಚಾರಣಾ ಆಯೋಗದ ಮುಂದೆ ಆಮೇಲೆ ಒಪ್ಪಿಕೊಂಡರು. 2021ರಲ್ಲಿ ಬೆಲೆ ಏರಿಕೆ ಹೆಚ್ಚು ದಿನ ಇರಲ್ಲ ಅಂದಿದ್ದರು. 2022ರ ಜೂನ್‌ನಲ್ಲಿ ಅದು ಶೇಕಡಾ 9.1 ಮುಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಟಿವಿಯಲ್ಲಿ ಕೂತು, ನನ್ನ ಅಂದಾಜು ತಪ್ಪಿತ್ತು ಅಂದರು. ಎರಡನ್ನೂ ಅಕ್ಕಪಕ್ಕ ಇಡಿ, ತೀರ್ಪು ಓದುಗರಿಗೆ ಬಿಡಿ.

ಶುರು ಮಾಡಲು ಏನೂ ತೋಚದಿದ್ದರೆ 2022ರ ಡಿಸೆಂಬರ್‌ನಿಂದ ಹಿಡಿಯಿರಿ. ಟೆಕ್ಸಸ್‌ನ ಫೋರ್ಟ್ ವರ್ತ್‌ನ ನೋಟು ಮುದ್ರಣಾಲಯ, ಹೊಸ ಡಾಲರ್ ನೋಟಿನ ಮೇಲೆ ಟ್ರೆಶರಿ ಸೆಕ್ರೆಟರಿಯಾಗಿ ಒಬ್ಬ ಹೆಂಗಸಿನ ಸಹಿ ಮೊದಲ ಸಲ, ಪಕ್ಕದಲ್ಲಿ ಟ್ರೆಶರರ್ (ಅದೇ ಇಲಾಖೆಯ ಖಜಾಂಚಿ) ಲಿನ್ ಮಲೆರ್ಬಾ ಅವರ ಸಹಿ. ಹಿಂದಿನ ಕೆಲವರ ಸಹಿ ಓದಲಾಗದಂತೆ ಇತ್ತು ಅಂತ ಯೆಲೆನ್ ಅಲ್ಲಿ ತಮಾಷೆ ಮಾಡಿದರು. ತಮ್ಮದನ್ನು ಕಳಿಸುವ ಮುಂಚೆ ಬರೆದು ಬರೆದು ಅಭ್ಯಾಸ ಮಾಡಿದ್ದರಂತೆ.